ದರ್ಭೆ ಇಡದ ಬಾಟಲಿ

ಕಾರ್ಪೆಂಟರ್ ಟೇಪು ಹಿಡಿದು ನಮ್ಮ ಅಡುಗೆಮನೆಯ ಕಟ್ಟೆಯನ್ನು ಅಳೆಯುತ್ತ ಬಂದು, ಮೂಲೆಯಲ್ಲಿದ್ದ ನನ್ನ ಓವನ್ನಿನ ಮುಂದೆ ನಿಂತ. "ಮೇಡಂ, ಇದು ಇರುತ್ತಾ, ಹೋಗುತ್ತಾ?" ಎಂದು ಕೇಳಿದ. ಕೇಳಿದ್ದು ನನ್ನನ್ನಲ್ಲ, ನನ್ನ ಮಗಳನ್ನು. ಅವಳು ಫೋನಿನಿಂದ ತಲೆ ಎತ್ತದೆ "ಹೋಗುತ್ತೆ" ಎಂದಳು. ಅವನು ಪುಸ್ತಕದಲ್ಲಿ ಏನೋ ಗೀಚಿಕೊಂಡ. ನಾನು ಎರಡಡಿ ದೂರದಲ್ಲಿ ಮೈದಾ ಜರಡಿ ಹಿಡಿದುಕೊಂಡು ನಿಂತಿದ್ದೆ.

ಎಪ್ಪತ್ತಮೂರು ವರ್ಷಗಳಲ್ಲಿ ನನ್ನ ವಿಷಯವನ್ನು ನನ್ನೆದುರಿಗೇ ಬೇರೆಯವರು ತೀರ್ಮಾನಿಸಿದ್ದು ಇದೇ ಮೊದಲೇನಲ್ಲ. ಆದರೆ ಅಷ್ಟು ಚಿಕ್ಕ ಮಾತಿನಲ್ಲಿ, ಅಷ್ಟು ಸಲೀಸಾಗಿ ಯಾರೂ ಮುಗಿಸಿರಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ಹುಡುಗಿಯರು ಹೊರಗಿನವರ ಎದುರು ಸೀನ್ ಮಾಡುವುದಿಲ್ಲ. ಅವನು ಲಿಫ್ಟ್ ಇಳಿದು ಹೋಗುವವರೆಗೆ ಕಾದೆ.

"ಓವನ್ ಯಾಕೆ ಹೋಗುತ್ತೆ?" ಎಂದೆ.

"ಅಮ್ಮ, ಹೊಸ ಡಿಸೈನ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಅಲ್ಲಿ ಕ್ರಾಕರಿ ಯೂನಿಟ್ ಬರುತ್ತೆ."

"ಕ್ರಾಕರಿ ಎಲ್ಲಿದೆ ನಮ್ಮನೇಲಿ? ಆರು ಕಪ್ ಇದೆ, ಅದರಲ್ಲಿ ಎರಡಕ್ಕೆ ಹಿಡಿ ಇಲ್ಲ."

ಅವಳು ಫೋನನ್ನು ಕೆಳಗಿಟ್ಟಳು. ಬ್ಯಾಂಕಿನಲ್ಲಿ ಸಾಲ ಕೇಳಲು ಬಂದವರಿಗೆ ಇಲ್ಲ ಎನ್ನುವಾಗ ಅವಳ ಮುಖ ಹೀಗೇ ಆಗುತ್ತದೇನೋ. "ಅಮ್ಮ, ನಿಜ ಹೇಳ್ಲಾ? ನಂಗೆ ಭಯ. ಆವತ್ತಿನ ಹೊಗೆ ನೆನಪಿದ್ಯಾ? ನಾನು ಮನೇಲಿ ಇಲ್ದಿರೋವಾಗ ನಿನಗೂ ಅತ್ತೆಗೂ ಏನಾದ್ರೂ ಆದ್ರೆ? ಅಲ್ದೆ ನೀನು ಮಾಡೋದನ್ನ ಯಾರು ತಿಂತಾರೆ ಹೇಳು. ಮುಂದಿನ ಭಾನುವಾರ ಅವನು ಮತ್ತೆ ಬರ್ತಾನೆ, ಡ್ರಾಯಿಂಗ್ ಫೈನಲ್ ಮಾಡ್ಬೇಕು. ದಯವಿಟ್ಟು ಹಟ ಮಾಡ್ಬೇಡ."

ಹೊಗೆಯ ವಿಷಯ ಸುಳ್ಳಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಒಂದು ಮಧ್ಯಾಹ್ನ ರಾಗಿ ಬಿಸ್ಕತ್ತಿನ ಟ್ರೇಯನ್ನು ಒಳಗಿಟ್ಟು ಬಾಲ್ಕನಿಗೆ ಹೋದೆ. ಸ್ಕೂಲಿನ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಯಾವ ಸಿಸ್ಟರ್ ಯಾರನ್ನು ಕಾರಿಡಾರಿನಲ್ಲಿ ನಿಲ್ಲಿಸಿದ್ದರು ಎಂಬ ಹಳೆಯ ವಿಚಾರಣೆ ನಡೆಯುತ್ತಿತ್ತು. ಕೆಳಗಿನ ಮನೆಯವರು ಬಂದು ಬೆಲ್ ಒತ್ತಿದಾಗಲೇ ನನಗೆ ವಾಸನೆ ಗೊತ್ತಾದದ್ದು. ಬಿಸ್ಕತ್ತುಗಳು ಇದ್ದಿಲಾಗಿದ್ದವು. ಸೆಕ್ಯೂರಿಟಿಯವನು ಕೆಂಪು ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತಿ ಬಂದಿದ್ದ. ಸಂಜೆಯೊಳಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ "ಹಿರಿಯ ನಾಗರಿಕರು ಒಂಟಿಯಾಗಿ ಅಡುಗೆ ಮಾಡುವಾಗ ವಹಿಸಬೇಕಾದ ಎಚ್ಚರಗಳು" ಎಂಬ ಸಂದೇಶ ಬಂತು. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯ ಇರಲಿಲ್ಲ.

ಅದೇ ವಾರ ನಾನು ಜಯನಗರ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿಗೆ ಹೋಗಿ, ಕೀ ತಿರುಗಿಸಿದರೆ ಟಿಕ್‌ಟಿಕ್ ಎನ್ನುವ ಟೊಮೇಟೊ ಆಕಾರದ ಒಂದು ಟೈಮರ್ ತಂದೆ. ಅದಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಓವನ್ ಉರಿಯುವಷ್ಟು ಹೊತ್ತು ಅದು ನನ್ನ ಎದೆಯ ಮೇಲೆ ಬಡಿದುಕೊಳ್ಳುತ್ತಿರುತ್ತದೆ. ಮೊದಲ ದಿನ ಅದನ್ನು ನೋಡಿದ ನನ್ನ ಅತ್ತಿಗೆ, "ಏನೇ ಇದು, ಹಸುವಿಗೆ ಗಂಟೆ ಕಟ್ಟಿದ ಹಾಗೆ" ಎಂದರು.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ, ಮಗಳಿಗೆ ಅತ್ತೆ. ಎಂಬತ್ತೊಂದು ವರ್ಷ. ಜೆ.ಪಿ. ನಗರದ ಈ ಫ್ಲ್ಯಾಟಿನಲ್ಲಿ ನಾವು ಮೂವರು ಹೆಂಗಸರು: ಮದುವೆ ಬೇಡವೆಂದು ನಿರ್ಧರಿಸಿ ನೆಮ್ಮದಿಯಾಗಿರುವ ಮಗಳು, ನಾನು ಮತ್ತು ಅತ್ತಿಗೆ. ನನ್ನವರು ಹೋದ ಮೇಲೆ ಅತ್ತಿಗೆ ನಾಲ್ಕು ದಿನದ ಮಟ್ಟಿಗೆಂದು ಬಂದರು. ಒಂಬತ್ತು ವರ್ಷವಾಯಿತು. ಅವರದು ಮಡಿ. ಅಡುಗೆಮನೆಯ ಎಡಗಡೆಯ ಒಲೆ ಅವರದು, ಅವರ ಪಾತ್ರೆಗಳಿಗೆ ಬೇರೆ ಶೆಲ್ಫ್. ಬಲಗಡೆಯ ಮೂಲೆ ನನ್ನ ಓವನ್ನಿನದು. ಅದರಲ್ಲಿ ಮೊಟ್ಟೆ ಹಾಕಿದ ಕೇಕ್ ಬೆಂದಿದೆ ಎಂದು ಗೊತ್ತಿರುವುದರಿಂದ ಅವರು ಅದರ ಮುಂದೆ ಹಾದುಹೋಗುವಾಗ ಸೆರಗನ್ನು ಬಿಗಿಯಾಗಿ ಎಳೆದುಕೊಳ್ಳುತ್ತಾರೆ. ಭಾರತ-ಪಾಕಿಸ್ತಾನ ಎಂದು ಮಗಳು ನಗುತ್ತಾಳೆ. ಮಧ್ಯೆ ಇರುವ ಸಿಂಕ್ ಎಲ್‌ಒಸಿ ಅಂತೆ.

ಈ ಓವನ್ನಿನ ಹುಚ್ಚು ನನಗೆ ಹಿಡಿದದ್ದು ಹದಿನಾಲ್ಕನೇ ವಯಸ್ಸಿನಲ್ಲಿ. ನಮ್ಮ ಕಾನ್ವೆಂಟಿನಲ್ಲಿ ಡೊಮೆಸ್ಟಿಕ್ ಸೈನ್ಸ್ ಎಂಬ ಪೀರಿಯಡ್ ಇತ್ತು. ಗುಲಾಬಿ ಕೆನ್ನೆಯ ಒಬ್ಬ ಮುದಿ ಸಿಸ್ಟರ್ ಕಲಿಸುತ್ತಿದ್ದರು. ಸ್ಪಂಜ್ ಕೇಕ್ ಮಾಡುವ ದಿನ ನಾನು ಹಿಟ್ಟನ್ನು ಕದಡಿದ ರಭಸಕ್ಕೆ ನನ್ನ ಮೊಣಕೈ ಹಿಡಿದು, "ಫೋಲ್ಡ್, ಚೈಲ್ಡ್, ಫೋಲ್ಡ್. ಅದು ನಿನ್ನ ಶತ್ರುವಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ತಡವಾಗಿ ಹೇಳಿದರು. ನನ್ನ ಕೇಕ್ ನಡುವೆ ಕುಸಿದು ಊಟದ ತಟ್ಟೆಯ ಹಾಗಾಯಿತು. ನಾನು ಅಳಲು ಸಿದ್ಧಳಾಗಿ ನಿಂತಿದ್ದೆ. ಸಿಸ್ಟರ್ ಆ ಗುಂಡಿಗೆ ಒಂದು ಚಮಚ ಜಾಮ್ ಸುರಿದು, ಒಂದು ತುಂಡು ಕತ್ತರಿಸಿ ತಾವೇ ತಿಂದು, ಬೆರಳು ಒರೆಸಿಕೊಂಡು, "ಎಗೇನ್ ಟುಮಾರೋ" ಎಂದರು. ಅಷ್ಟೇ. ನಾಳೆ ಮತ್ತೆ ಮಾಡು.

ಆ ಎರಡು ಪದಗಳು ಎಷ್ಟು ದೊಡ್ಡವೆಂದು ತಿಳಿದದ್ದು ಮದುವೆಯಾದ ಮೇಲೆ. ಜಯನಗರದ ನಮ್ಮ ಅತ್ತೆಯ ಮನೆಯಲ್ಲಿ ಮೂವತ್ತೆಂಟು ವರ್ಷ ಅಡುಗೆ ಮಾಡಿದೆ. ಸಾರು, ಹುಳಿ, ಪಲ್ಯ, ಕೋಸಂಬರಿ, ಗೊಜ್ಜು. ಎಲ್ಲಕ್ಕೂ ಅಳತೆ ಇತ್ತು, ಎಲ್ಲಕ್ಕೂ ವಾರವಿತ್ತು. ನಾನು ಕೆಟ್ಟ ಅಡುಗೆಯವಳೇನಲ್ಲ. ಆದರೆ ಅಲ್ಲಿ ಏನನ್ನೂ ಕೆಡಿಸುವ ಹಾಗಿರಲಿಲ್ಲ. ಒಮ್ಮೆ ಸಾರಿಗೆ ಬೆರಳಿನ ಉಗುರಿನಷ್ಟು ಚಕ್ಕೆ ಹಾಕಿದೆ. ಏನಾಗುತ್ತದೋ ನೋಡೋಣವೆಂಬ ಕುತೂಹಲ, ಅಷ್ಟೇ. ಮಾವನವರು ಒಂದು ತುತ್ತು ಬಾಯಿಗಿಟ್ಟರು. ಅನ್ನವನ್ನು ಬದಿಗೆ ಸರಿಸಿ ಮಜ್ಜಿಗೆ ಬಡಿಸಿಕೊಂಡರು. ಅತ್ತೆ ನನ್ನನ್ನು ನೋಡಿದರು. ನನ್ನವರು ತಟ್ಟೆಯನ್ನೇ ನೋಡುತ್ತಿದ್ದರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ ಮಜ್ಜಿಗೆ ಸುರಿದ ಸದ್ದು ಇನ್ನೂ ಕಿವಿಯಲ್ಲಿದೆ. ನಾಳೆ ಮತ್ತೆ ಮಾಡು ಎಂದು ಅಲ್ಲಿ ಯಾರೂ ಹೇಳಲಿಲ್ಲ. ಮಾರನೆಯ ದಿನ ಚಕ್ಕೆಯಿಲ್ಲದ ಸಾರು ಮಾಡಿದೆ, ಅದರ ಮಾರನೆಯ ದಿನವೂ, ಹಾಗೆಯೇ ಹನ್ನೆರಡು ಸಾವಿರ ದಿನ.

ಆದ್ದರಿಂದ ಈ ಫ್ಲ್ಯಾಟಿಗೆ ಬಂದ ಮೇಲೆ ಓವನ್ ಕೊಂಡಾಗ ನಾನು ಮಾಡಿದ ಮೊದಲ ಕೆಲಸ ಕೆಡಿಸುವುದು. ಮನಸಾರೆ ಕೆಡಿಸಿದೆ. ಹುಣಸೆಹಣ್ಣಿನ ಬಿಸ್ಕತ್ತು ಮಾಡಿದೆ, ಅದು ಹಲ್ಲಿಗೆ ಅಂಟಿಕೊಂಡು ಮಗಳು ಬೆಳಗಿನ ಮೀಟಿಂಗಿನಲ್ಲಿ ಮಾತಾಡಲಾಗದೆ ಕೂತಳು. ಹಿತಕವರೆ ತುಂಬಿದ ಪೈ ಮಾಡಿದೆ, ಅವರೆಕಾಯಿ ಕಾಲದ ಸೊಗಡೆಲ್ಲ ಒಳಗೆ ಬಂತು, ಹೊರಗಿನ ಹಿಟ್ಟು ಮಾತ್ರ ಬೇಯಲಿಲ್ಲ. ನುಗ್ಗೆಸೊಪ್ಪಿನ ಬನ್ನು ನೋಡಲು ಪಾಚಿ ಹಿಡಿದ ಕಲ್ಲಿನ ಹಾಗಿತ್ತು. ನಡುವೆ ಒಂದೊಂದು ಗೆದ್ದದ್ದೂ ಉಂಟು. ಬೇಕರಿಯಲ್ಲಿ ಸಿಗುವ ಖಾರಾ ಬನ್ನಿನ ಗುಟ್ಟು, ಈರುಳ್ಳಿಯನ್ನು ಹಿಸುಕಿ ನೀರು ತೆಗೆಯಬೇಕೆಂಬುದು, ಹನ್ನೊಂದನೇ ಸಲಕ್ಕೆ ಕೈಗೆ ಹತ್ತಿತು. ಆ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಬಿಸಿಬಿಸಿ ಎರಡು ತಿಂದೆ, ನಿಂತುಕೊಂಡೇ. ನನ್ನ ಮದುವೆಯ ಊಟವನ್ನೂ ಅಷ್ಟು ಸಂತೋಷದಿಂದ ಉಂಡಿರಲಿಲ್ಲ.

ಬ್ರೆಡ್ಡಿಗೆ ಬಂದದ್ದು ಕೊನೆಗೆ. ಅಂಗಡಿಯ ಈಸ್ಟ್ ಬೇಡ, ಹಿಟ್ಟನ್ನು ತಾನೇ ಹುಳಿಯಲು ಬಿಟ್ಟು ಮಾಡುವ ಸವರ್‌ಡೋ ಬ್ರೆಡ್ ಮಾಡಬೇಕೆಂಬ ಆಸೆ. ಅದಕ್ಕೊಂದು ಸ್ಟಾರ್ಟರ್ ಬೇಕು, ಮೊಸರಿಗೆ ಹೆಪ್ಪು ಇದ್ದಂತೆ. ನಾನು ಅದನ್ನು ಹೆಪ್ಪು ಎಂದೇ ಕರೆಯುತ್ತೇನೆ. ರಾಗಿಹಿಟ್ಟು, ಮೈದಾ, ನೀರು, ಉಪ್ಪಿನಕಾಯಿಯ ಹಳೆಯ ಗಾಜಿನ ಬಾಟಲಿ. ದಿನವೂ ಕಾಫಿಗೆ ಮೊದಲು ಅರ್ಧ ತೆಗೆದು, ಅಷ್ಟೇ ಹೊಸ ಹಿಟ್ಟು ಸೇರಿಸಬೇಕು. ಎರಡು ವಾರಕ್ಕೆ ಅದು ಉಸಿರಾಡಲು ಶುರುಮಾಡಿತು. ಗುಳ್ಳೆ ಏಳುವುದು, ಬಾಟಲಿಯ ಮುಕ್ಕಾಲಿಗೆ ಏರುವುದು, ಸಂಜೆ ಇಳಿಯುವುದು. ಹತ್ತಿರ ಮೂಗಿಟ್ಟರೆ ಹುಳಿಮಜ್ಜಿಗೆಗೂ ಮಾಗಿದ ಬಾಳೆಹಣ್ಣಿಗೂ ನಡುವಿನ ವಾಸನೆ.

"ಕೊಳೆತ ಹಿಟ್ಟನ್ನ ಸಾಕ್ತಿದ್ದೀಯಲ್ಲೇ" ಎಂದರು ಅತ್ತಿಗೆ.

"ನಿಮ್ಮ ದೋಸೆ ಹಿಟ್ಟು ಮತ್ತೇನು ಅತ್ತಿಗೆ?"

"ಅದು ಒಂದು ರಾತ್ರಿದು. ಇದು ಮೂರು ತಿಂಗಳದು. ಇದಕ್ಕೆ ಚೌಲ ಮಾಡೋ ವಯಸ್ಸಾಯ್ತು."

ಆದರೆ ದಿನವೂ ತೆಗೆದ ಅರ್ಧ ಹಿಟ್ಟನ್ನು ನಾನು ಸಿಂಕಿಗೆ ಸುರಿಯುವುದನ್ನು ಅವರಿಗೆ ಸಹಿಸಲಾಗಲಿಲ್ಲ. ಅನ್ನಪೂರ್ಣೆಯನ್ನು ಮೋರಿಗೆ ಹಾಕ್ತೀಯಾ, ಒಂದು ಬಟ್ಟಲಿನಲ್ಲಿ ಹಾಕಿ ಇತ್ತ ಇಡು, ಕರಿಬೇವಿನ ಗಿಡಕ್ಕೆ ಹಾಕ್ತೀನಿ ಎಂದರು. ಸರಿ, ಬಟ್ಟಲಿನಲ್ಲಿ ಹಾಕಿ ಸಿಂಕಿನ ಪಕ್ಕ ಇಡುತ್ತಿದ್ದೆ. ಬಟ್ಟಲು ತೊಳೆದು ವಾಪಸು ಬರುತ್ತಿತ್ತು. ಕರಿಬೇವಿನ ಗಿಡ ಮಾತ್ರ ಹಾಗೇ ಸೊರಗಿಕೊಂಡಿತ್ತು. ನಾನು ಅದನ್ನು ಗಮನಿಸಬೇಕಿತ್ತು. ಗಮನಿಸಲಿಲ್ಲ. ಆ ದಿನಗಳಲ್ಲಿ ನನ್ನ ಗಮನವೆಲ್ಲ ಇನ್ನೊಂದು ಸಂಕಟದ ಮೇಲಿತ್ತು. ಅತ್ತಿಗೆಯ ರಾಗಿದೋಸೆಯನ್ನು ಮಗಳು ದಿನವೂ ಹೊಗಳುತ್ತಿದ್ದಳು. "ಅತ್ತೆ, ಸಖತ್ತಾಗಿದೆ, ಇನ್ನೊಂದು ಹಾಕಿ" ಎನ್ನುವಳು. ನನ್ನ ಬ್ರೆಡ್ಡನ್ನು ಒತ್ತಿ ನೋಡಿ, "ಇದರಲ್ಲಿ ಗೋಡೆ ಕಟ್ಟಬಹುದು ಅಮ್ಮ" ಎನ್ನುವಳು.

ಕಾರ್ಪೆಂಟರ್ ಬಂದು ಹೋದದ್ದು ಇಂಥ ಹೊತ್ತಿನಲ್ಲಿ. ಮಗಳಿಗೆ ಅಂದೇ ಹೇಳಿದೆ. "ಭಾನುವಾರ ಅವನು ಬರೋ ಮುಂಚೆ ನಾನೊಂದು ಬ್ರೆಡ್ ಮಾಡ್ತೀನಿ. ಹೊಗೆ ಬರಲ್ಲ, ಟೈಮರ್ ಇದೆ. ನೀನು ಒಂದು ಪೂರ್ತಿ ಸ್ಲೈಸ್ ತಿನ್ನಬೇಕು. ಆಮೇಲೆ ಮಾತು."

"ಚೆನ್ನಾಗಿಲ್ಲ ಅಂದ್ರೆ ಓವನ್ ಕೊಟ್ಟುಬಿಡ್ತೀಯಾ?"

"ಹಾಗಂತ ನಾನು ಹೇಳಿಲ್ಲ" ಎಂದೆ.

ಆ ಮಂಗಳವಾರ ಚಂದ್ರಗ್ರಹಣ. ಚಂದ್ರ ಹುಟ್ಟುವಾಗಲೇ ಹಿಡಿದು ಏಳು ಗಂಟೆಯೊಳಗೆ ಬಿಡುವಂಥದ್ದು. ನಮ್ಮ ಕಡೆ ಗ್ರಹಣದ ಹೊತ್ತಿನಲ್ಲಿ ಬೇಯಿಸಿದ್ದು, ಹುಳಿ ಬಂದದ್ದು ಎಲ್ಲವೂ ಕೆಡುತ್ತದೆಂದು ನಂಬಿಕೆ. ಮೊದಲೇ ಅದರ ಮೇಲೆ ಒಂದು ಎಸಳು ದರ್ಭೆ ಹುಲ್ಲು ಇಟ್ಟರೆ ದೋಷ ತಟ್ಟುವುದಿಲ್ಲ. ಇಡದೆ ಬಿಟ್ಟದ್ದನ್ನು ಗ್ರಹಣ ಬಿಟ್ಟ ಮೇಲೆ ಚೆಲ್ಲಿ, ತಲೆಗೆ ಸ್ನಾನ ಮಾಡಿ, ಹೊಸದಾಗಿ ಒಲೆ ಹಚ್ಚಬೇಕು. ಬೆಳಗ್ಗೆಯೇ ಅತ್ತಿಗೆ ದರ್ಭೆಯ ಕಟ್ಟು ಹಿಡಿದು ಓಡಾಡುತ್ತಿದ್ದರು. ಹಾಲಿನ ಮೇಲೊಂದು, ಮೊಸರಿನ ಮೇಲೊಂದು, ಮಾವಿನಮಿಡಿ ಜಾಡಿಯ ಮೇಲೊಂದು, ತಮ್ಮ ದೋಸೆಹಿಟ್ಟಿನ ಡಬರಿಯ ಮೇಲೊಂದು. ನನ್ನ ಕಡೆ ಬಂದು ಒಂದು ಎಸಳು ಚಾಚಿದರು.

"ನಿನ್ನ ಬಾಟಲಿ ಮೇಲೂ ಇಡು."

"ಬೇಡ ಅತ್ತಿಗೆ. ನನ್ನ ಹಿಟ್ಟಿಗೆ ಚಂದ್ರನ ಭಯ ಇಲ್ಲ."

"ಒಂದು ಹುಲ್ಲು ಕಣೇ. ಇಟ್ರೆ ನಿನ್ನ ಗಂಟೇನು ಹೋಗುತ್ತೆ?"

"ಇಡಲ್ಲ."

ಅವರು ಆ ಎಸಳನ್ನು ಮತ್ತೆ ಕಟ್ಟಿಗೆ ಸೇರಿಸಿದರು. "ನಿನ್ನಿಷ್ಟ" ಎಂದರು. ಆ ನಿನ್ನಿಷ್ಟದಲ್ಲಿ ಏನಿತ್ತೆಂದು ಒಂಬತ್ತು ವರ್ಷ ಜೊತೆಗಿದ್ದವಳಿಗೆ ತಿಳಿಯಬೇಕಿತ್ತು. ಆದರೆ ಆ ವಾರ ನಾನು ಯಾರ ಮಾತಿಗೂ ಹೂಂ ಎನ್ನುವ ಸ್ಥಿತಿಯಲ್ಲಿರಲಿಲ್ಲ. ಓವನ್ ಹೋಗುತ್ತೆ ಎಂದವಳ ಮೇಲಿನ ಸಿಟ್ಟನ್ನು ಹುಲ್ಲಿನ ಮೇಲೆ ತೀರಿಸಿಕೊಂಡೆ.

ಸಂಜೆ ನಾನೂ ಮಗಳೂ ಟೆರೇಸಿಗೆ ಹೋದೆವು. ನೀರಿನ ಟ್ಯಾಂಕಿನ ಪಕ್ಕ ನಿಂತರೆ ಪೂರ್ವಕ್ಕೆ ಕಟ್ಟಡಗಳ ಸಂದಿಯಲ್ಲಿ ಸ್ವಲ್ಪ ಆಕಾಶ ಉಳಿದಿದೆ. ಚಂದ್ರ ಸುಟ್ಟ ಇಟ್ಟಿಗೆಯ ಬಣ್ಣದಲ್ಲಿ ಮೇಲೆ ಬಂದ. ನಾನು ಸೀರೆಯ ಸೆರಗಿನಿಂದ ಒಂದು ಬಿಸ್ಕತ್ತು ತೆಗೆದು ಅವನನ್ನು ನೋಡುತ್ತಲೇ ಕಡಿದೆ. ಮದುವೆಗೆ ಮುಂಚೆ ಅಪ್ಪ ನಮಗೆ ಗ್ರಹಣ ತೋರಿಸುತ್ತಿದ್ದರು. ಮದುವೆಯಾದ ಮೇಲೆ ಕದ ಹಾಕಿಕೊಂಡು ಕೂತದ್ದೇ ಹೆಚ್ಚು. "ಅತ್ತೆ ನೋಡಿದ್ರೆ ನಿನ್ನ ಕಥೆ ಮುಗೀತು" ಎಂದು ಮಗಳು ಪಿಸುಗುಟ್ಟಿ, ಅರ್ಧ ಬಿಸ್ಕತ್ತು ಕಿತ್ತುಕೊಂಡಳು. ಆ ಅರ್ಧ ಗಂಟೆ ನಮ್ಮಿಬ್ಬರಿಗೂ ಓವನ್ ಮರೆತೇ ಹೋಗಿತ್ತು.

ಕೆಳಗೆ ಬಂದಾಗ ಅತ್ತಿಗೆ ಆಗಲೇ ಸ್ನಾನ ಮುಗಿಸಿದ್ದರು. ಒದ್ದೆ ಕೂದಲಿನ ತುದಿಗೆ ಗಂಟು ಹಾಕಿಕೊಂಡು ಒಲೆ ಹಚ್ಚುತ್ತಿದ್ದರು. ಅಡುಗೆಮನೆ ಫಳಫಳ ಎನ್ನುತ್ತಿತ್ತು. ಸಿಂಕಿನ ಪಕ್ಕ ಬಿಳಿಯ ಬಟ್ಟೆಯ ಮೇಲೆ ನನ್ನ ಗಾಜಿನ ಬಾಟಲಿ ತಲೆಕೆಳಗಾಗಿ ಒಣಗುತ್ತಿತ್ತು.

ನಾನು ಬಾಟಲಿಯನ್ನು ಎತ್ತಿ ನೋಡಿದೆ. ಒಳಗೆ ಒಂದು ಕಲೆಯೂ ಇರಲಿಲ್ಲ.

"ಕುದಿಯೋ ನೀರು ಹಾಕಿ ಚೆನ್ನಾಗಿ ಉಜ್ಜಿದ್ದೀನಿ" ಎಂದರು ಅತ್ತಿಗೆ. "ತಳದಲ್ಲಿ ಎಷ್ಟು ಅಂಟಿಕೊಂಡಿತ್ತು ಗೊತ್ತಾ."

"ಅತ್ತಿಗೆ, ಅದು ನನ್ನ ಹೆಪ್ಪು."

"ಗೊತ್ತು. ದರ್ಭೆ ಇಡು ಅಂದೆ, ನೀನು ಇಡಲ್ಲ ಅಂದೆ. ಇಡದೇ ಇದ್ದದ್ದನ್ನ ಚೆಲ್ಲಬೇಕು. ಚೆಲ್ಲಿದೆ. ಹೇಗೂ ಸ್ನಾನ ಮಾಡೋದಿತ್ತಲ್ಲ, ಮುಟ್ಟಿದರೂ ಪರವಾಗಿಲ್ಲ ಅಂತ ನಾನೇ ಮಾಡಿದೆ. ನಿನಗೆ ಸೊಂಟ ನೋವು."

ಅವರ ಮುಖದಲ್ಲಿ ಕುಹಕ ಹುಡುಕಿದೆ. ಇರಲಿಲ್ಲ. ನನಗೆ ಉಪಕಾರ ಮಾಡಿದ್ದೇನೆಂಬ ತೃಪ್ತಿಯಿತ್ತು. ಅವರು ತಮ್ಮ ನಿಯಮವನ್ನು ಪಾಲಿಸಿದ್ದರು. ನಾನು ನನ್ನ ಹಟವನ್ನು ಪಾಲಿಸಿದ್ದೆ. ಎರಡರ ನಡುವೆ ಮೂರು ತಿಂಗಳ ಹಿಟ್ಟು ಮೋರಿಗೆ ಹೋಗಿತ್ತು.

ನಾನು ಕೋಣೆಗೆ ಹೋಗಿ ಮಂಚದ ಮೇಲೆ ಕೂತೆ. ಹೊಸ ಹೆಪ್ಪು ಮಾಡಲು ಎರಡು ವಾರ ಬೇಕು. ಭಾನುವಾರಕ್ಕೆ ಐದು ದಿನವಿತ್ತು. ಅಂಗಡಿಯ ಈಸ್ಟ್ ತಂದು ಮಾಡಬಹುದಿತ್ತು, ಮಗಳಿಗೆ ಗೊತ್ತೂ ಆಗುತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು. ಈ ವಯಸ್ಸಿನಲ್ಲಿ ಕಾಪಿ ಹೊಡೆದು ಪಾಸಾಗುವ ಅಗತ್ಯ ಏನಿದೆ.

ಮಗಳು ಬಂದು ಬಾಗಿಲ ಹತ್ತಿರ ನಿಂತಳು. "ಅಮ್ಮ, ಸಾರಿ. ಅತ್ತೆ ಬೇಕಂತ ಮಾಡಿಲ್ಲ."

"ಗೊತ್ತು."

"ಬಿಟ್ಟುಬಿಡು ಅಮ್ಮ ಇನ್ನು. ಈ ವಯಸ್ಸಲ್ಲಿ ಯಾಕೆ ಇದೆಲ್ಲ. ಬೇಕಾದ್ದು ಹತ್ತು ನಿಮಿಷಕ್ಕೆ ಡೆಲಿವರಿ ಆಗುತ್ತೆ."

ಇದನ್ನು ಅವಳು ಪ್ರೀತಿಯಿಂದಲೇ ಹೇಳಿದಳು. ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು. ಈ ವಯಸ್ಸಲ್ಲಿ ಯಾಕೆ ಎನ್ನುವವರು, ಯಾವ ವಯಸ್ಸಿನಲ್ಲಿ ಮಾಡಬೇಕಿತ್ತು ಎಂದೂ ಹೇಳಬೇಕು. ಇಪ್ಪತ್ತರಲ್ಲಿ ಮಾಡಲು ಬಿಡಲಿಲ್ಲ, ನಲವತ್ತರಲ್ಲಿ ಹೊತ್ತಿರಲಿಲ್ಲ, ಅರವತ್ತರಲ್ಲಿ ಆಸ್ಪತ್ರೆಯ ಕಾರಿಡಾರುಗಳಲ್ಲಿ ನಿನ್ನ ಅಪ್ಪನ ಫೈಲು ಹಿಡಿದು ಕೂತಿದ್ದೆ. ನನಗೆ ಬ್ರೆಡ್ ಬೇಕಾಗಿಲ್ಲ ಕಣೆ, ಬ್ರೆಡ್ ಎಲ್ಲ ಅಂಗಡಿಯಲ್ಲೂ ಇದೆ. ನನಗೆ ಬೇಕಾಗಿರೋದು ಆ ಬಾಗಿಲು ತೆಗೆಯೋ ಕ್ಷಣ. ಒಳಗೆ ಏನಾಗಿದೆಯೋ ಗೊತ್ತಿಲ್ಲದ ಆ ಒಂದು ಕ್ಷಣ. ನನ್ನ ಬದುಕಲ್ಲಿ ನಾಳೆ ಏನಾಗುತ್ತೆ ಅಂತ ಗೊತ್ತಿಲ್ಲದೆ ಇರೋದು ಈಗ ಎರಡೇ ವಿಷಯಕ್ಕೆ, ಒಂದು ಈ ಓವನ್, ಇನ್ನೊಂದನ್ನ ಹೇಳೋದು ಬೇಡ. ಇಷ್ಟನ್ನೂ ಅವಳಿಗೆ ಹೇಳಿಯೇ ಬಿಟ್ಟೆ. ದನಿ ಏರಿತ್ತೇನೋ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತ್ತು.

ಮಾರನೆಯ ಬೆಳಗ್ಗೆ ಎಂದಿನ ಹೊತ್ತಿಗೆ ಎದ್ದೆ. ಕೈ ಅಭ್ಯಾಸಬಲದಿಂದ ಬಾಟಲಿಯ ಕಡೆ ಹೋಗಿ ವಾಪಸು ಬಂತು. ಅತ್ತಿಗೆ ತಮ್ಮ ಒಲೆಯ ಮುಂದೆ ನಿಂತಿದ್ದರು. ನನ್ನ ಕಡೆ ತಿರುಗದೆ ಕೇಳಿದರು.

"ಆ ಹೆಪ್ಪು ಎಷ್ಟು ಬೇಕು ನಿನಗೆ?"

"ಒಂದು ಸೌಟಿದ್ರೂ ಸಾಕಿತ್ತು. ಈಗೆಲ್ಲಿ ಬರುತ್ತೆ ಅತ್ತಿಗೆ."

ಅವರು ತಮ್ಮ ಶೆಲ್ಫಿನಿಂದ ದೋಸೆಹಿಟ್ಟಿನ ಡಬರಿಯನ್ನು ಇಳಿಸಿ ಸಿಂಕಿನ ಪಕ್ಕ, ಸರಿಯಾಗಿ ಗಡಿಯ ಮೇಲೆ ಇಟ್ಟರು. ಮುಚ್ಚಳ ತೆಗೆದರು. ಹಿಟ್ಟಿನ ಮೇಲೆ ನಿನ್ನೆಯ ದರ್ಭೆ ಎಸಳು ಇನ್ನೂ ಇತ್ತು. ಅದರ ಸುತ್ತ ಕಂದು ಬಣ್ಣದ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ನಾನು ಬಗ್ಗಿ ಮೂಸಿದೆ. ಮೆಂತ್ಯದ ಹಿಂದೆ, ಉದ್ದಿನ ಹಿಂದೆ, ಮಾಗಿದ ಬಾಳೆಹಣ್ಣು.

"ಇದರಲ್ಲಿ ನನ್ನದಿದೆ" ಎಂದೆ.

"ಮೂರು ತಿಂಗಳಿಂದ ಇದೆ. ಗಿಡಕ್ಕೆ ಹಾಕಕ್ಕೆ ಹೋದೆ ಮೊದಲ ದಿನ, ಹೊಟ್ಟೆ ಉರೀತು. ರಾಗಿ, ನೀರು. ಬೇಯಿಸಿದ್ದಲ್ಲ, ಮುಸುರೆ ಅಲ್ಲ. ನನ್ನ ಹಿಟ್ಟಿಗೆ ಬೆರೆಸಿದೆ. ದೋಸೆ ಹೂವಿನ ಹಾಗೆ ಬಂತು. ಆಮೇಲೆ ದಿನಾ ಬೆರೆಸ್ತಿದ್ದೀನಿ."

"ಕೊಳೆತ ಹಿಟ್ಟು ಅಂತ ದಿನಾ ಬೈತಿದ್ರಿ."

"ಬೈದೆ. ಚೆಲ್ಲು ಅಂತ ಯಾವತ್ತಾದ್ರೂ ಅಂದೆನಾ?"

ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಮಗಳು ದಿನವೂ ಹೊಗಳಿ ಮೂರುಮೂರು ಹಾಕಿಸಿಕೊಂಡ ಸಖತ್ ದೋಸೆ. ನನ್ನ ಹೊಟ್ಟೆಕಿಚ್ಚು. ಸೊರಗಿದ ಕರಿಬೇವು. ನಗು ಬಂತು. ಅತ್ತಿಗೆಗೂ ಬಂತು, ಆದರೆ ಅವರು ಅದನ್ನು ಸೆರಗಿನ ಒಳಗೆ ಮುಗಿಸಿಕೊಂಡರು. ಆಮೇಲೆ ಅವರು ಮಾಡಿದ್ದನ್ನು ನಾನು ಒಂಬತ್ತು ವರ್ಷದಲ್ಲಿ ನೋಡಿರಲಿಲ್ಲ. ತಮ್ಮ ಮಡಿಯ ಸೌಟಿನಿಂದ ಎರಡು ಸೌಟು ಹಿಟ್ಟು ತೆಗೆದು, ಎತ್ತರದಿಂದ, ಮುಟ್ಟದ ಹಾಗೆ, ನನ್ನ ಬಾಟಲಿಗೆ ಬಿಟ್ಟರು.

"ನಿನ್ನ ಬ್ರೆಡ್ ನಾನು ತಿನ್ನಲ್ಲ. ಈಗಲೇ ಹೇಳಿದ್ದೀನಿ. ಆ ಪೆಟ್ಟಿಗೇಲಿ ಮೊಟ್ಟೆ ಬೆಂದಿದೆ. ಆದರೆ ಹಿಟ್ಟು ನಂದು, ನೆನಪಿರಲಿ."

ಬುಧವಾರ, ಗುರುವಾರ, ಶುಕ್ರವಾರ ಅದಕ್ಕೆ ಹೊಸ ಹಿಟ್ಟು ಉಣಿಸಿದೆ. ಏರಿತು, ಇಳಿಯಿತು, ಏರಿತು. ಶನಿವಾರ ಬೆಳಗ್ಗೆ ನಾದಿ, ಮಡಿಸಿ, ಕಾದು, ಮತ್ತೆ ಮಡಿಸಿದೆ. ಫೋಲ್ಡ್, ಚೈಲ್ಡ್. ಮಧ್ಯಾಹ್ನ ಓವನ್ ಬಿಸಿಮಾಡಿ ಬ್ರೆಡ್ಡನ್ನು ಒಳಗಿಟ್ಟು, ಟೈಮರ್ ತಿರುಗಿಸಿ ಕೊರಳಿಗೆ ಹಾಕಿಕೊಂಡು, ಓವನ್ನಿನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತೆ. ಫೋನನ್ನು ನಡುಮನೆಯಲ್ಲಿ ಬಿಟ್ಟಿದ್ದೆ. ಎರಡು ಸಲ ಬಡಿಯಿತು, ಏಳಲಿಲ್ಲ. ಅತ್ತಿಗೆ ತಮ್ಮ ಕಡೆಯಿಂದ ಒಂದು ಮಣೆ ಹಾಕಿಕೊಂಡು ಕೂತು ಹುರುಳಿಕಾಯಿ ಮುರಿಯತೊಡಗಿದರು. ಅರ್ಧ ಕೆಜಿ ಹುರುಳಿಕಾಯಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಮನೆಯೆಲ್ಲ ವಾಸನೆ ತುಂಬಿತು. ಅರ್ಧ ಬೇಕರಿಯದು, ಅರ್ಧ ದರ್ಶಿನಿ ಹೋಟೆಲಿನದು.

"ವಾಸನೆ ಚೆನ್ನಾಗಿದೆ" ಎಂದರು, ಹುರುಳಿಕಾಯಿಗೆ ಹೇಳುವವರ ಹಾಗೆ.

ಟೊಮೇಟೊ ನನ್ನ ಎದೆಯ ಮೇಲೆ ಕಿರುಚಿತು. ಬಾಗಿಲು ತೆಗೆದೆ.

ಬ್ರೆಡ್ ನಡುವೆ ಕುಸಿದಿತ್ತು. ಅದೇ ಊಟದ ತಟ್ಟೆ, ಐವತ್ತೊಂಬತ್ತು ವರ್ಷದ ಹಿಂದಿನದು. ಮೇಲ್ಮೈ ಬಿರುಕು ಬಿಟ್ಟು ಒಂದು ಬದಿ ಎತ್ತರ, ಒಂದು ಬದಿ ತಗ್ಗು. ಆರಲು ಬಿಟ್ಟು ಕೊಯ್ದರೆ ಒಳಗೆ ಒತ್ತಾಗಿ, ಸ್ವಲ್ಪ ಜಿಗುಟು. ಬಾಯಿಗಿಟ್ಟೆ. ಮೆಂತ್ಯ ಮುಂದೆ ಬಂದು ಕೂತಿತ್ತು. ಹುಳಿ ಸರಿಯಾಗಿತ್ತು. ಅಂಚು ಗರಿಯಾಗಿತ್ತು. ಒಳ್ಳೆಯ ಬ್ರೆಡ್ ಎಂದು ಪ್ರಾಮಾಣಿಕವಾಗಿ ಯಾರೂ ಹೇಳಲಾರರು.

ಭಾನುವಾರ ಬೆಳಗ್ಗೆ ಮಗಳ ತಟ್ಟೆಗೆ ಒಂದು ಪೂರ್ತಿ ಸ್ಲೈಸ್ ಇಟ್ಟೆ. ಪಕ್ಕದಲ್ಲಿ ಬೆಣ್ಣೆ, ಚಟ್ನಿಪುಡಿ. ಅವಳು ಮಾತಿಗೆ ತಪ್ಪುವವಳಲ್ಲ, ತುದಿಯವರೆಗೂ ತಿಂದಳು.

"ಅಮ್ಮ, ಬೇಜಾರು ಮಾಡ್ಕೋಬೇಡ. ಇದು ದೋಸೆ. ದಪ್ಪ ದೋಸೆ."

"ಹೌದು" ಎಂದೆ.

"ಆದ್ರೆ ಈ ರುಚಿ ಎಲ್ಲೋ ತಿಂದ ಹಾಗಿದೆ."

"ಮೂರು ತಿಂಗಳಿಂದ ದಿನಾ ಮೂರು ತಿಂತಿದ್ದೀಯ. ಯಾರು ತಿಂತಾರೆ ಅಂತ ಕೇಳಿದ್ಯಲ್ಲ."

ಅವಳು ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ದೇವರಮನೆಯ ಬತ್ತಿ ಹೊಸೆಯುವುದರಲ್ಲಿ ಮುಳುಗಿದ್ದರು. "ಅತ್ತೆ, ನೀವೂನಾ" ಎಂದಳು. ಅಷ್ಟರಲ್ಲಿ ಬೆಲ್ ಆಯಿತು.

ಕಾರ್ಪೆಂಟರ್ ಊಟದ ಮೇಜಿನ ಮೇಲೆ ಡ್ರಾಯಿಂಗ್ ಹರಡಿದ. ಬ್ರೆಡ್ಡಿನ ಪುಡಿ ಕೊಡವಿ ನಾಲ್ಕೂ ಮೂಲೆಗೆ ಕಪ್ ಇಟ್ಟ. ಹಿಡಿಯಿಲ್ಲದವೇ ಅವನ ಕೈಗೆ ಮೊದಲು ಸಿಕ್ಕವು. ಬಲಮೂಲೆಯಲ್ಲಿ ಚಂದದ ಗಾಜಿನ ಬಾಗಿಲಿನ ಕ್ರಾಕರಿ ಯೂನಿಟ್ ಬರೆದಿದ್ದ.

"ಫೈನಲ್ಲಾ ಮೇಡಂ?" ಎಂದು ಮಗಳನ್ನು ಕೇಳಿದ.

"ಒಂದು ನಿಮಿಷ ಅಣ್ಣ" ಎಂದೆ ನಾನು. "ಪೆನ್ಸಿಲ್ ಕೊಡಿ."

ಅವನು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಕೊಟ್ಟ. ಕೊಡುವ ಮುಂಚೆ ಮಗಳ ಮುಖ ನೋಡಿದ, ಅದನ್ನೂ ನಾನು ಗಮನಿಸಿದೆ. ಮಗಳು ನನ್ನನ್ನು ನೋಡುತ್ತಿದ್ದಳು.

"ಅಮ್ಮ, ಬ್ರೆಡ್ ಸರಿಯಾಗಿ ಬಂದಿಲ್ಲ."

"ಬಂದಿಲ್ಲ. ಸರಿಯಾಗಿ ಬಂದಿದ್ರೆ ಓವನ್ ಕೊಟ್ಟರೂ ಕೊಡ್ತಿದ್ದೆ. ಈಗ ಹೇಗೆ ಕೊಡ್ಲಿ? ಮತ್ತೆ ಮಾಡ್ಬೇಕಲ್ಲ."

ನನ್ನ ಕೊರಳ ಕಡೆ ಅವಳ ದೃಷ್ಟಿ ಹೋಯಿತು. ನಿನ್ನೆಯಿಂದ ಟೊಮೇಟೊವನ್ನು ತೆಗೆದೇ ಇರಲಿಲ್ಲ, ರಾತ್ರಿ ಅದರ ಜೊತೆಗೇ ಮಲಗಿದ್ದೆ.

"ಅದು ಕೊರಳಲ್ಲೇ ಇರ್ಬೇಕು" ಎಂದಳು ಕೊನೆಗೆ. "ಯಾವಾಗ್ಲೂ. ಮತ್ತೆ ಓವನ್ ಆನ್ ಇದ್ದಾಗ ಅತ್ತೆ ಅಲ್ಲಿ ಇರ್ಬೇಕು."

"ನಾನ್ಯಾಕೆ ಆ ಮೊಟ್ಟೆ ಪೆಟ್ಟಿಗೆ ಕಾಯಲಿ" ಎಂದರು ಅತ್ತಿಗೆ, ಬತ್ತಿಯಿಂದ ತಲೆ ಎತ್ತದೆ. "ನನ್ನ ಪಾಡಿಗೆ ನಾನು ಅಲ್ಲಿ ಹುರುಳಿಕಾಯಿ ಮುರೀತಿರ್ತೀನಿ."

ಕಾರ್ಪೆಂಟರ್ ತಲೆ ಕೆರೆದುಕೊಂಡ. "ಓವನ್‌ಗೆ ಬೇರೆ ದೊಡ್ಡ ಪ್ಲಗ್ ಪಾಯಿಂಟ್ ಬೇಕಾಗುತ್ತಮ್ಮ. ಹಿಂದೆ ಗಾಳಿಗೂ ಜಾಗ ಬಿಡ್ಬೇಕು. ಕ್ರಾಕರಿ ಯೂನಿಟ್ ಬರಲ್ಲ ಆಮೇಲೆ."

"ಬರೋದು ಬೇಡ" ಎಂದೆ. "ಬಿಡಿ ಜಾಗ."

ಗಾಜಿನ ಬಾಗಿಲುಗಳ ಮೇಲೆ ಅಡ್ಡಗೆರೆ ಎಳೆದು, ಅಲ್ಲಿ ಒಂದು ಚೌಕ ಬರೆದೆ. ಚೌಕದೊಳಗೆ ಸಿಸ್ಟರುಗಳು ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ ಕೂಡುಬರಹದಲ್ಲಿ, ಅಕ್ಷರದಿಂದ ಅಕ್ಷರಕ್ಕೆ ಕೈ ಎತ್ತದೆ, ಓವನ್ ಎಂದು ಇಂಗ್ಲಿಷಿನಲ್ಲಿ ಬರೆದೆ. ಗೆರೆ ಸೊಟ್ಟಗಾಯಿತು. ಕಾರ್ಪೆಂಟರ್ ರಬ್ಬರ್ ಚಾಚಿದ. ಬೇಡವೆಂದೆ.